ಮಾಸ್ತರರು ಹೇಳುತ್ತಿದ್ದ ಬೆಲೆ

ಬೆಲೆ ಹೇಳುವ ಮೊದಲು ಮಾಸ್ತರರು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಎಡತೋಳಿಗೆ ಚುಚ್ಚಿಕೊಳ್ಳುತ್ತಿದ್ದರು. ಅವರ ತುಟಿಗಳ ನಡುವೆ ಯಾವಾಗಲೂ ಆರೇಳು ಸೂಜಿ ಇರುತ್ತಿದ್ದವು. ಎಷ್ಟಾಗುತ್ತದೆ ಎಂದು ಗಿರಾಕಿ ಕೇಳಿದ ಮೇಲೆ ಈ ಕೆಲಸ ಶುರು. ಒಂದು ಸೂಜಿ, ಮತ್ತೊಂದು ಸೂಜಿ. ಅವಸರವೇ ಇಲ್ಲ. ಕೊನೆಯದು ತೋಳಿಗೆ ಸೇರುವ ಹೊತ್ತಿಗೆ ಗಿರಾಕಿ ಅರ್ಧ ಸೋತಿರುತ್ತಿದ್ದ. ಆಗ ಒಂದೇ ಒಂದು ಅಂಕಿ ಹೇಳಿ ಕತ್ತರಿ ಎತ್ತಿಕೊಳ್ಳುತ್ತಿದ್ದರು. ಅವರ ಎಲ್ಲ ಅಂಗಿಗಳ ಎಡತೋಳೂ ಜರಡಿಯಾಗಿತ್ತು.

ಅವರ ಅಂಗಡಿ ಪುಣೆಯ ಹಳೆಯ ಪೇಠೆಯ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಅಟ್ಟದಲ್ಲಿತ್ತು. ಗಿರಣಿ ಚಾಲೂ ಆದರೆ ನಮ್ಮ ನೆಲ ನಡುಗುತ್ತಿತ್ತು. ನಾಟಕದ ಉಡುಪು, ನಾಚಿನ ಉಡುಪು, ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗರು ತೊಡುವ ಶಿವಾಜಿ, ಸೈನಿಕ, ಚಿಟ್ಟೆ, ಎಲ್ಲ ಅಲ್ಲಿ ತಯಾರಾಗುತ್ತಿತ್ತು. ಮಾಸ್ತರರು ನಮ್ಮ ಬೆಳಗಾವಿ ಕಡೆಯವರು. ಗಿರಾಕಿಗಳ ಹತ್ತಿರ ಮರಾಠಿ, ನನ್ನ ಹತ್ತಿರ ಕನ್ನಡ. ಊರೆಲ್ಲ ಅವರನ್ನು ಕಟಿಂಗ್ ಮಾಸ್ತರ ಅನ್ನುತ್ತಿತ್ತು. ನಾನೂ ಹಾಗೆಯೇ ಅನ್ನುತ್ತೇನೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮದುವೆಯಾಗಿ ಈ ಊರಿಗೆ ಬಂದೆ. ಗಂಡ ಶಿವಾಜಿನಗರದ ಹತ್ತಿರ ಸರಕಾರಿ ಬಸ್ಸುಗಳ ರಿಪೇರಿ ಮಾಡುತ್ತಿದ್ದ. ನಾನು ಮನೆಯಲ್ಲಿ ಕೂತು ಕಾಜಾ ಹಾಕುತ್ತಿದ್ದೆ. ಅಂಗಿಯ ಗುಂಡಿ ತೂರಿಸುವ ತೂತಿನ ಸುತ್ತ ಬಿಗಿಯಾಗಿ ದಾರ ಸುತ್ತಿ ಹೊಲಿಯುವುದೇ ಕಾಜಾ. ಓಣಿಯ ದರ್ಜಿಗಳು ಅಂಗಿಗಳ ಗಂಟು ತಂದು ಒಗೆದು ಹೋಗುತ್ತಿದ್ದರು. ಎಷ್ಟು ಕೊಡಲಿ ಎಂದು ಕೇಳಿದರೆ, ಏನಾದರೂ ಕೊಡಿ ಅನ್ನುತ್ತಿದ್ದೆ. ಅವರು ಏನಾದರೂ ಕೊಡುತ್ತಿದ್ದರು.

ಮಾಸ್ತರರು ನನ್ನ ಬಗ್ಗೆ ಯಾರಿಂದಲೋ ಕೇಳಿ ಕರೆಸಿದರು. ಒಂದು ದಪ್ಪ ಬಟ್ಟೆಯ ತುಂಡು ಕೊಟ್ಟು ಹತ್ತು ದುಂಡನೆಯ ಕಾಜಾ ಹಾಕು ಅಂದರು. ಹಾಕಿದೆ. ಅವರು ಅದರಲ್ಲಿ ಕಸೆ ಪೋಣಿಸಿ, ತುಂಡನ್ನು ಕಾಲಲ್ಲಿ ಮೆಟ್ಟಿ, ಎರಡೂ ಕೈಯಿಂದ ಜಗ್ಗಿದರು. ಒಂಬತ್ತು ನಿಂತವು, ಒಂದು ಕಿತ್ತಿತು. ಕೂಲಿ ಎಷ್ಟು ಎಂದು ಕೇಳಿದರು. ನಾನು ಹಳೆಯ ಮಾತನ್ನೇ ಆಡಿದೆ. ಮಾಸ್ತರರಿಗೆ ಸಿಟ್ಟು ಬಂತು.

“ಏನರ ಕೊಡ್ರಿ ಅನ್ನಾಕಿ ಹೊಲಿಗಿಯಾಕಿ ಅಲ್ಲ, ಬೇಡಾಕಿ,” ಅಂದರು. “ನಿನ್ನ ಕೈಗೆ ರೇಟ ಇಲ್ಲೇನು? ಒಂಬತ್ತಕ್ಕ ಎಷ್ಟು, ಬಾಯಿ ಬಿಟ್ಟು ಹೇಳು.”

ನನ್ನ ಜನ್ಮದಲ್ಲಿ ಮೊದಲ ಸಲ ಒಂದು ಅಂಕಿ ಹೇಳಿದೆ. ಅಷ್ಟೇ ಎಣಿಸಿ ಕೈಯಲ್ಲಿಟ್ಟರು. ಅವತ್ತು ಮನೆಗೆ ಬರುವಾಗ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಹೀಗೆ ಅವರ ಅಟ್ಟದಲ್ಲಿ ಇಪ್ಪತ್ತು ವರ್ಷ ಕೂತೆ.

ಮಾಸ್ತರರಿಗೆ ಕೆಲವು ನೇಮಗಳಿದ್ದವು. ಫೋನಿನಲ್ಲಿ ಬೆಲೆ ಹೇಳುತ್ತಿರಲಿಲ್ಲ. ಮೈ ನೋಡದೆ ಬೆಲೆ ಇಲ್ಲ ಅನ್ನುತ್ತಿದ್ದರು. ಗಿರಾಕಿ ಮೆಟ್ಟಿಲು ಹತ್ತಿ ಬರಬೇಕು, ಅಳತೆ ಕೊಡಬೇಕು. ಮೊದಲು ಮಾಂಜರಪಾಟದಲ್ಲಿ, ಅಂದರೆ ಅಗ್ಗದ ಕೋರಾ ಬಟ್ಟೆಯಲ್ಲಿ, ಒಂದು ಕಚ್ಚಾ ಉಡುಪು ಹೊಲಿದು ತೊಡಿಸಿ ನೋಡುತ್ತಿದ್ದರು. ಅದಾದ ಮೇಲೇ ನೋಟುಬುಕ್ಕು ತೆಗೆದು ಬಟ್ಟೆ ಇಷ್ಟು, ಅಸ್ತರು ಇಷ್ಟು, ಕೈ ಇಷ್ಟು ಎಂದು ಬರೆಯುವುದು. ಕೈಕೆಲಸದ ಕೂಲಿಯನ್ನು ಹೀಗೆ ಕೈ ಎಂದು ಬೇರೆಯಾಗಿ ಬರೆಯುವ ದರ್ಜಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಬೆಲೆ ಇಳಿಸು ಅಂದವರಿಗೆ ಅವರ ಉತ್ತರ ಒಂದೇ: ಬೆಲೆ ಇಳಿಸುವುದಿಲ್ಲ, ಬೇಕಾದರೆ ಅಂಗಿ ಇಳಿಸುತ್ತೇನೆ. ಒಮ್ಮೆ ಇಂದಾಪುರದಿಂದ ಒಬ್ಬ ನಾಟಕ ಕಂಪನಿಯ ಮಾಲಕ ಎಸ್ಟಿ ಬಸ್ಸು ಹತ್ತಿ ಬಂದ. ಊರಲ್ಲಿ ಕಬ್ಬಿನ ಕಾರಖಾನೆಯ ಹಂಗಾಮು ಮುಗಿದ ಮೇಲೆ ಆಟಗಳಿದ್ದವಂತೆ, ರಾಜನಿಗೆ ಜರಿಯ ಕೋಟು ಬೇಕಿತ್ತು. ಬೆಲೆ ಕೇಳಿ ಮುಕ್ಕಾಲು ಗಂಟೆ ಅತ್ತ. ಮಾಸ್ತರರು ಸರಿ ಅಂದು ಅವನು ಕೊಟ್ಟ ರೊಕ್ಕಕ್ಕೇ ಹೊಲಿದರು. ಮುಂದೆ ಜರಿ, ಬೆನ್ನಿಗೆ ಬರೀ ಮಾಂಜರಪಾಟ. ಮಾಲಕ ಬಾಯಿ ಬಿಟ್ಟ. “ರಾಜಾ ಮಂದಿಗೆ ಬೆನ್ನ ತೋರಿಸೂದಿಲ್ಲ,” ಅಂದರು ಮಾಸ್ತರರು. ಆ ರಾಜ ಇಡೀ ಸೀಜನ್ನು ಹಿಂದಕ್ಕೆ ಹಿಂದಕ್ಕೆ ನಡೆದೇ ರಂಗದಿಂದ ಹೋಗುತ್ತಿದ್ದನಂತೆ. ಮರುವರ್ಷ ಮಾಲಕ ಬಂದು ಪೂರ್ತಿ ಬೆಲೆ ಕೊಟ್ಟು ಬೆನ್ನು ಹೊಲಿಸಿಕೊಂಡು ಹೋದ. ಇಂಥ ಮನುಷ್ಯನನ್ನು ನಂಬದೆ ಇನ್ಯಾರನ್ನು ನಂಬುತ್ತೀರಿ.

ಆರೇಳು ವರ್ಷಗಳ ಹಿಂದೆ ಕಾರ್ಸೆಟ್ಟು ಬಂತು. ಡಿಸೈನ್ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿತ್ರ ತಂದು ಇಂಥದ್ದು ಬೇಕು ಅಂದಳು. ಎದೆಯಿಂದ ಸೊಂಟದವರೆಗೆ ಬಿಗಿಯುವ ಗಟ್ಟಿ ರವಿಕೆ ಅದು. ಪದರಗಳ ಒಳಗೆ ಉಕ್ಕಿನ ಪಟ್ಟಿ, ಹಿಂದೆ ಎರಡು ಸಾಲು ತೂತು, ಆ ತೂತುಗಳಲ್ಲಿ ಕಸೆ ಹಾಕಿ ಜಗ್ಗಿ ಕಟ್ಟುವುದು. ಮಾಸ್ತರರು ಹಳೆಯ ಸಾಮಾನಿನ ಬಜಾರಿನಿಂದ ಹರಕು ಪರದೇಶಿ ಕಾರ್ಸೆಟ್ಟೊಂದನ್ನು ತಂದು, ಹೊಲಿಗೆ ಹೊಲಿಗೆ ಬಿಚ್ಚಿ, ಹಾಳೆಯ ಮೇಲೆ ಹರವಿ ನಾಲ್ಕು ದಿನ ಊಟದ ಕಡೆಗೂ ನೋಡದೆ ಕೂತರು. ಐದನೆಯ ದಿನ ನನ್ನನ್ನು ಕರೆದು ತೂತುಗಳನ್ನು ತೋರಿಸಿದರು. ಪೇಟೆಯ ದರ್ಜಿಗಳು ತಗಡಿನ ಉಂಗುರ ಬಡಿಯುತ್ತಾರೆ, ಅದು ಬಟ್ಟೆ ಹರಿಯುತ್ತದೆ, ಇದು ಕೈಕಾಜಾ, ಇದನ್ನು ನೀನೇ ಹಾಕಬೇಕು ಅಂದರು. ಒಂದು ಕಾರ್ಸೆಟ್ಟಿಗೆ ಇಪ್ಪತ್ತೆಂಟು. ಬಟ್ಟೆಯ ಎಳೆ ಕತ್ತರಿಸದೆ, ದಬ್ಬಳದಿಂದ ಸರಿಸಿ ತೂತು ಮಾಡಿ, ಜೇನುಮೇಣ ಸವರಿದ ದಾರದಿಂದ ಸುತ್ತುವುದು. ಮೂರು ದಿನದ ಕೆಲಸ. ಅದನ್ನು ಕಲಿಸಿದವರು ಅವರೇ. ಆರು ಸಲ ಬಿಚ್ಚಿಸಿ ಏಳನೆಯ ಸಲ ತಲೆ ಆಡಿಸಿದರು.

ಮೊದಮೊದಲು ಕಾರ್ಸೆಟ್ಟು ಹೋಗಲಿಲ್ಲ. ಹದಿನೆಂಟು ಸಾವಿರ ಅಂದರೆ ಹುಡುಗಿಯರು ನಕ್ಕು ಮೆಟ್ಟಿಲಿಳಿಯುತ್ತಿದ್ದರು. ನಾಲ್ಕು ಸಾವಿರಕ್ಕೆ ಸಿಗುತ್ತದೆ ಅನ್ನುತ್ತಿದ್ದರು. ಎರಡು ವರ್ಷ ಹಾಗೆಯೇ ನಡೆಯಿತು. ಆಮೇಲೆ ಒಂದು ದಿನ ಮಾಸ್ತರರು ನನ್ನ ಕೈಯ ಫೋಟೋ ತೆಗೆದರು. ಸೂಜಿ ಹಿಡಿದ ಕೈ, ನರ ಎದ್ದ ಕೈ. ತಿಂಗಳಾದ ಮೇಲೆ ಅಂಗೈಯಷ್ಟು ದೊಡ್ಡ ಕಾರ್ಡುಗಳ ಪೆಟ್ಟಿಗೆ ಬಂತು. ಒಂದು ಬದಿಗೆ ನನ್ನ ಕೈ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ಐದಾರು ಸಾಲು. ಏನು ಬರೆದಿದೆ ಎಂದು ಕೇಳಿದೆ. ತೊಳೆಯಬೇಡಿ, ಬಿಸಿಲಿಗೆ ಹಾಕಬೇಡಿ ಎಂದು ಬರೆದಿದೆ ಅಂದರು. ಪ್ರತಿ ಕಾರ್ಸೆಟ್ಟನ್ನು ಮಡಿಸಿ ಡಬ್ಬಿಗೆ ಹಾಕಿ, ಮೇಲೆ ಒಂದು ಕಾರ್ಡು ಇಡುವ ಕೆಲಸ ನನ್ನದೇ. ನನ್ನ ಕೈ ಮೇಲೆ ಬರುವಂತೆ ಇಡುತ್ತಿದ್ದೆ. ಒಂದನ್ನು ಮನೆಗೆ ತಂದು ದೇವರ ಗೂಡಿನ ಪಕ್ಕ ನಿಲ್ಲಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ಕಾರ್ಸೆಟ್ಟುಗಳು ಹೋಗತೊಡಗಿದವು. ಹದಿನೆಂಟು ಸಾವಿರಕ್ಕೆ ಈಗ ಯಾರೂ ನಗುತ್ತಿರಲಿಲ್ಲ. ಮಾಸ್ತರರು ನನ್ನ ಕೂಲಿಯನ್ನು ಒಂದೇ ಸಲಕ್ಕೆ ಎರಡು ಪಟ್ಟು ಮಾಡಿದರು. ಆ ರೊಕ್ಕದಲ್ಲಿ ಮೊಮ್ಮಗಳ ಕಾಲೇಜಿನ ಫೀ ಕಟ್ಟಿದೆ. ಬೀಗರ ಮುಂದೆ, ನೆರೆಯವರ ಮುಂದೆ, ನನ್ನ ಕಾಜಾಕ್ಕೆ ಕೊನೆಗೂ ಬೆಲೆ ಬಂತು ಎಂದು ಹೇಳಿಕೊಂಡು ತಿರುಗಿದೆ.

ಗಿರಾಕಿಗಳು ಮಾತ್ರ ಒಂಥರಾ ಆಗಿದ್ದರು. ಅಟ್ಟಕ್ಕೆ ಬಂದವರು ನನ್ನ ಹತ್ತಿರ ಜೋರಾಗಿ ಮಾತಾಡುತ್ತಿದ್ದರು. ಒಬ್ಬಳು ಒಂದು ಡಬ್ಬಿ ಬಾದಾಮಿ ತಂದು ದಿನಾ ನೆನೆಸಿ ತಿನ್ನಿ ಅಂದಳು. ಇನ್ನೊಬ್ಬಳು ಮೇಜಿಗೆ ಸಿಕ್ಕಿಸುವ ದೊಡ್ಡ ದೀಪ ಕೊಟ್ಟಳು. ಮತ್ತೊಬ್ಬಳು ನನ್ನ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡು ಕಣ್ಣಲ್ಲಿ ನೀರು ತಂದಳು. ಈಗಿನ ಕಾಲದ ಹುಡುಗಿಯರಿಗೆ ಮುದುಕಿಯರ ಮೇಲೆ ಇಷ್ಟು ಮರ್ಯಾದೆ ಇದೆಯಲ್ಲ ಎಂದು ನಾನು ಬಾದಾಮಿ ತಿಂದೆ.

ಮೂರು ವರ್ಷಗಳ ಹಿಂದೆ ಊರಂಚಿನ ಖರಾಡಿಯಿಂದ ಒಬ್ಬ ಹುಡುಗಿ ತನ್ನ ಕಾರ್ಸೆಟ್ಟು ಒಯ್ಯಲು ಬಂದಳು. ಮೈಸೂರು ಕಡೆಯವಳು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಮದುವೆಯ ಆರತಕ್ಷತೆಗೆಂದು ಹೊಲಿಸಿದ್ದಳು. ಮಾಸ್ತರರು ದಾರ ತರಲು ಹೋಗಿದ್ದರು. ನಾನು ಗಿರಣಿಯವನನ್ನು ಕನ್ನಡದಲ್ಲಿ ಬೈದುಕೊಳ್ಳುತ್ತಿದ್ದುದನ್ನು ಕೇಳಿ ಅವಳಿಗೆ ಖುಷಿಯಾಯಿತು. ಮಾತಿಗೆ ಕೂತಳು. ಕಸೆಯ ತುದಿಗೆ ಒಂದು ಟಾಕಿ ಹೊಲಿಗೆ ಬಾಕಿಯಿತ್ತು. ನಾನು ಬಾಗಿಲಿನ ಬೆಳಕಿಗೆ ಸೂಜಿ ಹಿಡಿದು ಒಂದೇ ಸಲಕ್ಕೆ ದಾರ ಪೋಣಿಸಿದೆ. ಹುಡುಗಿ ನನ್ನನ್ನೇ ನೋಡಿದಳು.

“ಅಜ್ಜಿ, ನಿಮಗೆ ಕಣ್ಣು ಕಾಣ್ಸುತ್ತಾ?”

ಕಾಣದೆ ಏನು ಅಂದೆ. ನಿನ್ನ ಕಿವಿಯ ಓಲೆಯ ಹಿಂದಿನ ತಿರುಪು ಸಡಿಲಾಗಿದೆ, ಅದೂ ಕಾಣುತ್ತದೆ ಅಂದೆ. ಅವಳು ಓಲೆ ಮುಟ್ಟಿ ನೋಡಿಕೊಂಡಳು. ಆಮೇಲೆ ಡಬ್ಬಿಯಲ್ಲಿದ್ದ ಕಾರ್ಡು ಎತ್ತಿ ಅದರ ಹಿಂಬದಿಯನ್ನು ನಿಧಾನವಾಗಿ ಕನ್ನಡ ಮಾಡಿ ಹೇಳಿದಳು. ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ ಈ ತೂತುಗಳನ್ನು ಹೊಲಿದಿದ್ದಾಳೆ. ಅವಳ ದೃಷ್ಟಿ ದಿನದಿನಕ್ಕೆ ಹೋಗುತ್ತಿದೆ. ಈಗ ಬೆರಳಿನಿಂದ ತಡವಿ ಹೊಲಿಯುತ್ತಾಳೆ. ನಿಮ್ಮ ಕೈಯಲ್ಲಿರುವುದು ಅವಳು ಹೊಲಿದ ಕೊನೆಯ ಕಾರ್ಸೆಟ್ಟೂ ಆಗಿರಬಹುದು.

ಫೋನಿನಲ್ಲಿ ಅಂಗಡಿಯ ಪೇಜಿನಲ್ಲೂ ಇದೇ ಕತೆ ಇದೆ, ಮೊದಲು ಅಲ್ಲೇ ಓದಿದ್ದೆ ಅಂದಳು. “ಇದನ್ನ ಓದಿ ನಾನು ಬಾರ್ಗೇನೇ ಮಾಡಿಲ್ಲ ಅಜ್ಜಿ. ಹೇಗೆ ಮಾಡೋದು ಹೇಳಿ.”

ನಾನು ಕಾರ್ಸೆಟ್ಟನ್ನು ಬಿಡಿಸಿ ಬೆನ್ನಿನ ಬದಿ ಅವಳ ಮುಂದೆ ಹಿಡಿದೆ. ಕತೆ ಬಿಡು ತಂಗಿ, ಹೊಲಿಗೆ ನೋಡು, ಇದು ಆ ಬೆಲೆಗೆ ಇದೆಯೋ ಇಲ್ಲವೋ ಹೇಳು ಅಂದೆ. ಅವಳು ಬಗ್ಗಿ ನೋಡಿದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಲಿಲ್ಲ.

“ನಂಗೆ ಸ್ಟಿಚಿಂಗ್ ಎಲ್ಲಾ ಗೊತ್ತಾಗಲ್ಲ ಅಜ್ಜಿ,” ಅಂದಳು. ಬಾಕಿ ರೊಕ್ಕ ಮೇಜಿನ ಮೇಲಿಟ್ಟು, ಡಬ್ಬಿ ಎತ್ತಿಕೊಂಡು ಹೋದಳು. ಕಾರ್ಡು ಮಾತ್ರ ಬಿಟ್ಟುಹೋದಳು.

ಮಾಸ್ತರರು ಬಂದಾಗ ನಾನು ಆ ಕಾರ್ಡನ್ನು ಅವರ ಕಟಿಂಗ್ ಮೇಜಿನ ಮೇಲಿಟ್ಟು, ಇದರಲ್ಲಿ ಏನು ಬರೆದಿದೆ ಎಂದು ಮತ್ತೆ ಕೇಳಿದೆ. ಅವರು ಮುಖ ನೋಡಿದರು.

“ಯಾರು ಓದಿದ್ರು?” ಅಂದರು.

ಅಷ್ಟರಲ್ಲೇ ನನಗೆ ಎಲ್ಲ ತಿಳಿಯಿತು. ಬರೆದಿಲ್ಲ ಅನ್ನಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಯಾರು ಓದಿದರು ಎಂದು ಕೇಳಿದರು.

ಅವರೇ ಶುರು ಮಾಡಿದರು. “ನಿನ್ನ ಕಾಜಾ ನೋಡಿ ಈ ಊರಾಗ ಒಬ್ಬರೂ ರೊಕ್ಕಾ ಬಿಚ್ಚಲಿಲ್ಲ, ತಂಗಿ. ಎರಡು ವರ್ಷ ನಾ ಕಾಜಾನ ತೋರಿಸೇನಿ. ಕಸೀ ಜಗ್ಗಿ ತೋರಿಸೇನಿ. ನಕ್ಕು ಹೋದ್ರು. ಈ ನಾಕು ಸಾಲು ಬರದೆ, ಸುಮ್ಮನ ಕೊಟ್ಟು ಹೋಗತಾರ. ನಿನ್ನ ಕೂಲಿ ದುಪ್ಪಟ್ಟ ಆತಲ್ಲ, ಅದೆಲ್ಲಿಂದ ಬಂತು ಅಂತ ತಿಳಕೊಂಡಿದ್ದಿ?”

“ನನ್ನ ಕೈಯಿಂದ ಬಂತು ಅಂತ ತಿಳಕೊಂಡಿದ್ದೆ,” ಅಂದೆ. “ಏನರ ಕೊಡ್ರಿ ಅನ್ನಾಕಿ ಬೇಡಾಕಿ ಅಂತ ನೀವಽ ಹೇಳಿದ್ರಿ. ನನ್ನ ಹೆಸರಲೆ ನೀವು ಇಷ್ಟು ದಿನಾ ಬೇಡೀರಿ, ಮಾಸ್ತರ.”

ಅವರು ಕತ್ತರಿಯನ್ನು ಮೇಜಿನ ಈ ಬದಿಯಿಂದ ಆ ಬದಿಗೆ ಇಟ್ಟರು. ನಾನು ಮತ್ತೊಂದು ಮಾತು ಹೇಳಿದೆ: “ಕಾರ್ಡ ತಗೀರಿ. ಇಲ್ಲಾಂದ್ರ ನನ್ನ ತಗೀರಿ.”

ಮಾಸ್ತರರು ತೋಳಿನಿಂದ ಗುಂಡುಸೂಜಿ ತೆಗೆದು ಬಾಯಿಗಿಟ್ಟುಕೊಂಡರು. ಇನ್ನೊಂದು ತೆಗೆದರು, ಅದನ್ನೂ ಇಟ್ಟುಕೊಂಡರು. ಬಾಯಿ ತುಂಬಿತು. ಬಗ್ಗಿ ಕತ್ತರಿಸತೊಡಗಿದರು. ಮಾತು ಮುಗಿಯಿತು, ಕಾರ್ಡು ಹೋಗುವುದಿಲ್ಲ ಎಂಬ ಅದರ ಅರ್ಥವನ್ನು ಇಪ್ಪತ್ತು ವರ್ಷ ನೋಡಿದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಸೂಜಿಯ ಡಬ್ಬಿ, ಮೇಣದ ಉಂಡೆ, ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಚಹಾ ಕುಡಿಯುತ್ತಿದ್ದ. ಕಾರ್ಡಿನಲ್ಲಿ ನೀನೂ ಸತ್ತಿದ್ದೀ ಅಂದೆ.

“ನಾ ಸತ್ತದ್ದಕ್ಕ ಎಷ್ಟು ಹಚ್ಚ್ಯಾನಂತ?” ಎಂದು ಕೇಳಿದ.

ಅದಕ್ಕೆ ನಕ್ಕೆ. ಗಂಡನನ್ನು ಸಾಯಿಸಿದ್ದಕ್ಕೆ ನಗು ಬಂತು, ಕಣ್ಣು ಕಿತ್ತದ್ದಕ್ಕೆ ಬರಲಿಲ್ಲ. ಗಂಡ ಎದುರಿಗೇ ಕೂತಿದ್ದ, ಯಾರು ಬೇಕಾದರೂ ನೋಡಬಹುದಿತ್ತು. ನನ್ನ ಕಾಜಾ ಒಳ್ಳೆಯದೋ ಅಲ್ಲವೋ ಎಂದು ತೋರಿಸಲು ನನ್ನ ಹತ್ತಿರ ಏನಿತ್ತು? ಹದಿನೆಂಟು ಸಾವಿರ ಕೊಟ್ಟವರು ಅದನ್ನು ನೋಡಿರಲೇ ಇಲ್ಲ. ದೇವರ ಗೂಡಿನ ಪಕ್ಕದ ಕಾರ್ಡನ್ನು ಹರಿದು ಒಲೆಗೆ ಹಾಕಿದೆ. ಮೊಮ್ಮಗಳ ಫೀಯನ್ನು ಹಿಂದಕ್ಕೆ ತರಲಾಗುವುದಿಲ್ಲ, ಅದು ಅವಳ ತಲೆಯೊಳಗೆ ಹೋಗಿಬಿಟ್ಟಿತ್ತು.

ನನ್ನ ಜಾಗಕ್ಕೆ ಬೇರೆ ಒಬ್ಬಳನ್ನು ಕೂರಿಸಿದರಂತೆ. ಕಾರ್ಡಿನಲ್ಲಿ ನನ್ನ ಕೈಯೇ ಉಳಿಯಿತು. ಕತೆಯೂ ಅದೇ. ಇದನ್ನು ಗಿರಣಿಯವನು ಹೇಳಿದ. ನಾನು ಜಗಳಕ್ಕೆ ಹೋಗಲಿಲ್ಲ. ಕೈಯ ಫೋಟೋ ನೋಡಿ ಇದು ಇಂಥವಳದು ಎಂದು ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಅದು ನನ್ನ ದಡ್ಡತನ.

ಕಳೆದ ವರ್ಷ ಮಾಸ್ತರರು ತೀರಿಕೊಂಡರು. ಮೂರು ದಿನ ಜ್ವರ, ಆಮೇಲೆ ಉಸಿರು ಕಟ್ಟಿತು. ಸುದ್ದಿ ಗೊತ್ತಾದಾಗ ಎಲ್ಲ ಮುಗಿದಿತ್ತು. ಮನೆಗೆ ಹೋಗಿ ಅವರ ಹೆಂಡತಿಯ ಪಕ್ಕ ಕೂತು ಬಂದೆ. ಆಕೆ ಅತ್ತಳು, ನಾನು ಅಳಲಿಲ್ಲ. ಬಾಯಿ ಬಿಟ್ಟು ಕೂಲಿ ಕೇಳುವುದನ್ನು ಅವರಿಂದ ಕಲಿತೆ. ದಪ್ಪ ಬಟ್ಟೆಯಲ್ಲಿ ಕಾಜಾ ನಿಲ್ಲಿಸುವುದನ್ನು ಅವರಿಂದ ಕಲಿತೆ. ಆರು ಸಲ ಬಿಚ್ಚಿಸುವಷ್ಟು ನನ್ನ ಕೆಲಸವನ್ನು ಗಮನವಿಟ್ಟು ನೋಡಿದವರು ಈ ಊರಲ್ಲಿ ಅವರೊಬ್ಬರೇ. ಅದಕ್ಕೇ ನನಗೆ ಸಿಟ್ಟು. ಗೊತ್ತಿಲ್ಲದವನು ಮಾರಿದ್ದರೆ ಬಿಟ್ಟುಬಿಡುತ್ತಿದ್ದೆ. ಅವರಿಗೆ ನನ್ನ ಕಾಜಾ ಏನೆಂದು ಗೊತ್ತಿತ್ತು, ಗೊತ್ತಿದ್ದೂ ಅದನ್ನು ಮುಚ್ಚಿ ನನಗಿಲ್ಲದ ಕುರುಡುತನವನ್ನು ಮಾರಿದರು. ಅವರ ಋಣ ನನ್ನ ಮೇಲಿದೆ, ಇಲ್ಲ ಅನ್ನುವುದಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನುವುದಿಲ್ಲ.

ಅವರು ಹೋಗಿ ಎರಡು ತಿಂಗಳಿಗೆ ಒಬ್ಬ ನೃತ್ಯದ ಶಿಕ್ಷಕಿ ನನ್ನ ಮನೆ ಹುಡುಕಿಕೊಂಡು ಬಂದಳು. ಮರಾಠಿಯವಳು, ಐವತ್ತರ ಹತ್ತಿರದವಳು. ಮಾಸ್ತರರ ಹೆಂಡತಿಯಿಂದ ವಿಳಾಸ ತೆಗೆದುಕೊಂಡಿದ್ದಳು. ಕೈಯಲ್ಲಿ ಒಂದು ಚೀಲ ಹಣ್ಣು, ಹೆಗಲಲ್ಲಿ ಇನ್ನೊಂದು ಚೀಲ. ಹಣ್ಣನ್ನು ನನ್ನ ತೊಡೆಯ ಮೇಲಿಟ್ಟು, ಅಮ್ಮಾ, ನಾನು ಸಿಟ್ಟು ಮಾಡಲು ಬಂದಿಲ್ಲ ಅಂದಳು. ಹೆಗಲ ಚೀಲದಿಂದ ಎರಡು ಕಾರ್ಸೆಟ್ಟು ತೆಗೆದಳು. ಒಂದು ಮೂರು ವರ್ಷ ಹಳೆಯದು, ಇನ್ನೊಂದು ಕಳೆದ ವರ್ಷದ್ದು. ಹೊಸದು ರಂಗದ ಮೇಲೆ, ನಾಚಿನ ನಡುವೆ, ಬೆನ್ನಿನಲ್ಲಿ ಹರಿದು ಬಿಚ್ಚಿಕೊಂಡಿತ್ತಂತೆ. ಅದನ್ನು ಹೇಳಿ, ದನಿ ತಗ್ಗಿಸಿ, ಕಣ್ಣು ಈಗ ಪೂರ್ತಿ ಹೋಯಿತೇ ಎಂದು ಕೇಳಿದಳು.

ಬೇರೆಯವಳ ಕೆಟ್ಟ ಕೆಲಸ ಎರಡು ವರ್ಷ ನನ್ನ ಹೆಸರಿನಲ್ಲಿ ಹೋಗಿತ್ತು. ಹರಿದರೂ ಯಾರೂ ದೂರು ಹೇಳಲು ಬಂದಿರಲಿಲ್ಲ, ಪಾಪ, ಮುದುಕಿಗೆ ಕಣ್ಣು ಹೋಗಿರಬೇಕು ಎಂದು ಬಿಟ್ಟಿದ್ದರು. ಮಾಸ್ತರರ ಕತೆ ಅಷ್ಟು ಚೆನ್ನಾಗಿ ಬಾಳಿಕೆ ಬಂದಿತ್ತು. ಕೇಳೋಣವೆಂದರೆ ಅವರಿಲ್ಲ.

ಎರಡನ್ನೂ ಕಿಟಕಿಗೆ ಒಯ್ದು ಅಕ್ಕಪಕ್ಕ ಹರವಿದೆ. ಕನ್ನಡಕ ಹಾಕಿಕೊಳ್ಳಿ ಅಂದೆ ಅವಳಿಗೆ. ಹಾಕಿಕೊಂಡಳು. ಹೊಸದರಲ್ಲಿ ಎಳೆ ಕತ್ತರಿಸಿ ತೂತು ಮಾಡಿ, ಮೇಲೆ ಹತ್ತು ಸುತ್ತು ತೆಳು ದಾರ ಹೊದಿಸಿದ್ದರು. ಹಳೆಯದರ ಕಸೆ ಕೊಟ್ಟು, ಜಗ್ಗಿ ನೋಡಿ ಅಂದೆ. ಜಗ್ಗಿದಳು. ಕಾಲಿಟ್ಟು ಜಗ್ಗಿ ಅಂದೆ. ನಾಚಿನವಳು, ಕಾಲಿನಲ್ಲಿ ಬಲವಿತ್ತು. ಒಂದೂ ಕಾಜಾ ಅಲುಗಲಿಲ್ಲ. ಆಮೇಲೆ ಅವಳು ತಾನಾಗಿಯೇ ಬೆರಳಿನಿಂದ ಒಂದೊಂದು ತೂತನ್ನೂ ಮುಟ್ಟುತ್ತ, ಇಪ್ಪತ್ತೆಂಟನ್ನೂ ನೋಡಿದಳು. ಇದು ನೀವು ಹೊಲಿದದ್ದು, ಅದು ಅಲ್ಲ ಅಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ.

ಅವಳು ಹರಿದದ್ದನ್ನು ಸರಿಮಾಡಲು ಎಷ್ಟು ಎಂದು ಕೇಳಿದಳು. ಬೆನ್ನಿಗೆ ಹೊಸ ಪಟ್ಟಿ, ಇಪ್ಪತ್ತೆಂಟು ಕಾಜಾ, ಮೂರು ದಿನ. ಮೂರು ಸಾವಿರ ಅಂದೆ.

ಅವಳು ಕನ್ನಡಕ ತೆಗೆದಳು. ಮೂರು ಸಾವಿರವೇ, ಬರೀ ತೂತಿಗೆ? ಮೂಲೆಯ ದರ್ಜಿ ಐನೂರಕ್ಕೆ ಉಂಗುರ ಬಡಿದುಕೊಡುತ್ತಾನೆ ಅಂದಳು. ಬಡಿಸಿಕೊಳ್ಳಿ ಅಂದೆ. ಎರಡು ಸಾವಿರ ಅಂದಳು. ಎರಡೂವರೆ ಅಂದಳು. ತಾನು ಹಳೆಯ ಗಿರಾಕಿ ಅಂದಳು, ಮುಂದೆ ಇನ್ನೂ ನಾಲ್ಕು ಹೊಲಿಸುತ್ತೇನೆ ಅಂದಳು, ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೂತಳು. ಆ ಕಾರ್ಡು ಬಂದ ಮೇಲೆ ಒಬ್ಬರೂ ನನ್ನ ಕೆಲಸಕ್ಕೆ ಹೀಗೆ ಜಗಳಾಡಿರಲಿಲ್ಲ. ಕುರುಡಿಯ ಹತ್ತಿರ ಯಾರು ಚೌಕಾಸಿ ಮಾಡುತ್ತಾರೆ? ನಾನು ಅವಳನ್ನು ತಡೆಯದೆ, ಆಡಲಿ ಎಂದು ಕೇಳುತ್ತ ಕೂತೆ.

ಕೊನೆಗೆ ಪರ್ಸು ತೆಗೆದಳು. ಹಣ್ಣು ತಂದಿದ್ದೇನಲ್ಲ, ಅದರ ಇನ್ನೂರಾದರೂ ಕಳೆಯಿರಿ ಅಂದಳು. ನಾನು ಹಣ್ಣಿನ ಚೀಲವನ್ನು ಅವಳ ತೊಡೆಯ ಮೇಲೆ ಇಟ್ಟೆ. ಮೂರು ಸಾವಿರ ತೆಗೆದುಕೊಂಡು, ಗುರುವಾರ ಬರಲು ಹೇಳಿದೆ.